ಪಾಲಿಹೌಸ್ ಇಲ್ಲದೆ ಅಂಗಳದಲ್ಲಿ ಜರ್ಬೆರಾ

ಬಯಲಲ್ಲಿ ಜರ್ಬೆರಾ ಹೂಗಿಡ ನಿಲ್ಲೋದಿಲ್ಲ, ಮೊದಲ ಮಳೆಗೇ ಕೊಳೆಯುತ್ತೆ ಅಂತ ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಳೆಯುವ ಪಾಲಿಹೌಸ್‌ನವರು ಹೇಳುತ್ತಲೇ ಇದ್ದರು. ಬೆಂಗಳೂರಿನ ಅಂಗಳದಲ್ಲಿ ಮೂರನೇ ಮಳೆಗಾಲ ದಾಟಿದೆ. 40ರಲ್ಲಿ 34-35 ಗಿಡ ನಿಂತಿವೆ.

ಹಾಲೆಂಡಿನವರ ಗಾರ್ವಿನಿಯಾ ಎಂಬ ಜರ್ಬೆರಾ ತಳಿಗಳ ಹೆಚ್ಚುಗಾರಿಕೆ ಚಳಿ ತಡೆಯೋದು. ಇಲ್ಲಿ ಶತ್ರು ಚಳಿಯಲ್ಲ, ಮಳೆ.

ಮೊದಲ ಕಂತು ಮುಕ್ಕಾಲು ಪಾಲು ಮಣ್ಣುಪಾಲು. 35 ರೂಪಾಯಿಯ ಟಿಶ್ಯೂ ಕಲ್ಚರ್ (ಲ್ಯಾಬಲ್ಲಿ ಬೆಳೆಸಿದ) ಸಸಿ 24, ಗೊಬ್ಬರ-ಗಿಬ್ಬರ ಸೇರಿ ಹತ್ತಿರಹತ್ತಿರ 2,000. ಜುಲೈ ಕೊನೆಗೆ ಉಳಿದದ್ದು 5. ಎಲೆ ಹಸಿರಿರುವಾಗಲೇ ಜೋತುಬೀಳುತ್ತಿತ್ತು. ಮೆಲ್ಲಗೆ ಎಳೆದರೆ ಸುಳಿ ಬೇರು ಬಿಟ್ಟು ಕೈಗೇ ಬರುತ್ತಿತ್ತು, ಬುಡ ಕಪ್ಪು. ಔಷಧಿಗೆ ಸುರಿದ 600 ದಂಡ. ತಪ್ಪು ನಾಟಿಯಲ್ಲೇ ಇತ್ತು: ಗುಂಡಿಯ ಸಡಿಲ ಮಣ್ಣು ಕುಸಿದು ಗಿಡ ಒಂದು ಬೆರಳು ಕೆಳಗಿಳಿಯಿತು, ಮಳೆಗೆ ಸಿಡಿದ ಮಣ್ಣು ಸುಳಿಯೊಳಗೆ ತುಂಬಿತು.

ಈಗ ಒಂದೂವರೆ ಅಡಿ ಏರುಮಡಿ. ಕೆಮ್ಮಣ್ಣು ನಾಲ್ಕು ಬುಟ್ಟಿ, ಕಳಿತ ಕೊಟ್ಟಿಗೆ ಗೊಬ್ಬರ ಎರಡು, ಭತ್ತದ ಹೊಟ್ಟು ಎರಡು. ಎರಡು ವಾರ ನೀರು ಕುಡಿಸಿ ಮಡಿ ಕೂರಿಸಿದ ಮೇಲೇ ನಾಟಿ, ಒಂದಡಿ ಅಂತರ, ಸುಳಿ ಮಣ್ಣಿಗಿಂತ ಅರ್ಧ ಇಂಚು ಮೇಲೆ. ನೋಡಿದವರು ‘ನೆಟ್ಟಿದ್ದೀರೋ, ಇಟ್ಟಿದ್ದೀರೋ’ ಅಂತ ಕೇಳುವ ಹಾಗಿರಬೇಕು. ಬುಡದ ಸುತ್ತ ಬೇಬಿ ಜೆಲ್ಲಿ (ಸಣ್ಣ ಜಲ್ಲಿಕಲ್ಲು) ಹರಡಿದರೆ ಮಣ್ಣು ಸಿಡಿಯೋದಿಲ್ಲ. ಒಂದು ಮೂಟೆ ಸಾಕಾಯಿತು. ಮೊದಲ ಎರಡು ತಿಂಗಳ ಮೊಗ್ಗು ಚಿವುಟಲೇಬೇಕು, ಹೊಟ್ಟೆ ಉರಿದರೂ.

ಆಮೇಲೆ ಬೋರ್‌ವೆಲ್ ನೀರಿನ ಕಾಟ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕೆಮ್ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಗಡಸು ನೀರು ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸಿ ಅದನ್ನು ಕಟ್ಟಿಹಾಕುತ್ತೆ. ಗಿಡಕ್ಕೆ ಸಿಗುವ ಹಾಗೆ ಕಬ್ಬಿಣ ಹಿಡಿದಿಡುವ ಇಡಿಟಿಎ ಚೀಲೇಟ್ ಎಂಬ ಗೊಬ್ಬರ ಎರಡು ಸಲ ಬುಡಕ್ಕೆ ಹಾಕಿದರೂ ಕದಲಲಿಲ್ಲ. ಇಡಿಡಿಎಚ್‌ಎ ಎಂಬ ಇನ್ನೊಂದು ಚೀಲೇಟ್ ದುಬಾರಿ, ಆದರೆ ಮೂರನೇ ವಾರಕ್ಕೆ ಹೊಸ ಎಲೆ ಹಸಿರಾಯಿತು. ಈಗ ನೀರಿಗೇ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸೋದು. ಅಳತೆ ಹೇಳೋದಿಲ್ಲ, ನಿಮ್ಮ ನೀರಿಗೆ ಪಿಎಚ್ ಪಟ್ಟಿ ಅದ್ದಿ ಆರರ ಆಸುಪಾಸಿಗೆ ನೀವೇ ತನ್ನಿ.

ಹೂವಿಗೆ ಕತ್ತರಿ ಬೇಡ. ತೊಟ್ಟಿನ ಬುಡ ಹಿಡಿದು ಓರೆಯಾಗಿ ತಿರುಚಿ ಎಳೆದರೆ ಬುಡಸಮೇತ ಕಳಚುತ್ತೆ. ಕತ್ತರಿಸಿದ ಮೋಟು ಕೊಳೆತು ಸುಳಿಗೆ ಇಳಿಯುತ್ತೆ; ಎರಡು ಗಿಡ ಹೋದದ್ದು ಹಾಗೇ.

ನಡುವೆ ಬೀಜದ ಹುಚ್ಚೂ ಹತ್ತಿತ್ತು. ಕೆಂಪು ಒಂಟಿಸುತ್ತಿನ ಗಿಡದ 60 ಬೀಜದಲ್ಲಿ 20 ಚಿಲ್ಲರೆ ಮೊಳೆತವು. ಹೂ ಬಂದಾಗ ಕಿತ್ತಳೆ, ಮಾಸಲು ಗುಲಾಬಿ. ಕೆಂಪು ಒಂದೂ ಇಲ್ಲ. ಅದೇ ಬಣ್ಣ ಬೇಕಿದ್ದರೆ ಬುಡ ಸೀಳಬೇಕು. ಮಳೆ ನಿಂತ ಮೇಲೆ, ಎರಡು ವರ್ಷ ತುಂಬಿದ ಗಿಡ ಅಗೆದು, ಪ್ರತಿ ಹೋಳಿಗೂ ಒಂದು ಸುಳಿ, ನಾಲ್ಕಾರು ಬೇರು. ಎಲೆ ಅರ್ಧಕ್ಕೆ ಕತ್ತರಿಸಿ, ಸೀಳಿದ ಗಾಯ ಒಂದು ದಿನ ನೆರಳಲ್ಲಿ ಒಣಗಲಿ. ಒಣಗಿಸದೆ ಅದೇ ಸಂಜೆ ನೆಟ್ಟ ಆರು ಹೋಳಲ್ಲಿ ನಾಲ್ಕು ಕೊಳೆತವು.