ಮಳೆ ಹಿಡಿಯುವ ಮೊದಲು ಮನೆಯ ವೈರಿಂಗ್ ನೋಡಿಸಿ

ಮಂಗಳೂರು, ಉಡುಪಿ ಕಡೆ ಎಲೆಕ್ಟ್ರಿಷಿಯನ್ ಬೇಕಿದ್ದರೆ ಏಪ್ರಿಲ್‌ನಲ್ಲೇ ಹೇಳಿಡಿ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಸಿಗುವುದು ಕಷ್ಟ. ಸಣ್ಣಪುಟ್ಟ ರಿಪೇರಿಗೆ ಪಕ್ಕದ ಮನೆಯವರು ಹೇಳಿದ ಜನ ಸಾಕು, ಆದರೆ ಪೂರ್ತಿ ವೈರಿಂಗ್ ಬದಲಿಸುವುದಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನೇ ಹಿಡಿಯಿರಿ.

ಬಂದವರ ಹತ್ತಿರ ಮೊದಲು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ನೋಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತಿಂಗ್ ದುರ್ಬಲವಾಗುತ್ತದೆ. ಕಣ್ಣಲ್ಲಿ ನೋಡಿ "ಸರಿ ಉಂಟು" ಅಂದರೆ ಒಪ್ಪಬೇಡಿ, "ಅಣ್ಣಾ, ಮೀಟರ್ ಹಾಕಿ ತೋರಿಸಿ" ಅಂತ ಕೇಳಿ.

ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್, ಅಂದರೆ ಎಂಸಿಬಿ, ಇದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಕಾಪಾಡುವುದು ವೈರನ್ನು, ನಿಮ್ಮನ್ನಲ್ಲ. ಬಾವಿಕಟ್ಟೆ ಹತ್ತಿರ ಒದ್ದೆ ಕೈಯಲ್ಲಿ ಪಂಪಿನ ಸ್ವಿಚ್ ಮುಟ್ಟಿದಾಗ ಮೈಗೆ ಕರೆಂಟ್ ಹರಿದರೆ ತಕ್ಷಣ ಲೈನ್ ಕಡಿಯಲು 30 ಮಿಲಿಆಂಪ್‌ನ ಆರ್‌ಸಿಸಿಬಿ ಅನ್ನುವ ಸ್ವಿಚ್ಚೇ ಬೇಕು. ಬೇರೆ ಖರ್ಚು ಮುಂದೆ ಹಾಕಿದರೂ ಪರವಾಗಿಲ್ಲ, ಇದನ್ನು ಮಾತ್ರ ಈಗಲೇ ಹಾಕಿಸಿ. ಅದರ ಮೇಲೆ 'ಟಿ' ಅಂತ ಸಣ್ಣ ಬಟನ್ ಇರುತ್ತದೆ. ಕರೆಂಟ್ ಇರುವಾಗ ಆಗಾಗ ಒತ್ತಿ ನೋಡಿ, ಟಪ್ ಅಂತ ಬೀಳಬೇಕು. ಬೀಳದಿದ್ದರೆ ಬದಲಿಸಿ.

ಎಸಿ, ಗೀಸರ್‌ಗೆ ಬೇರೆ ಬೇರೆ ಲೈನ್ ಎಳೆಸಿ. ಪ್ಲಗ್ ಸುತ್ತ ಕಂದು ಕಲೆ ಕಂಡರೆ ಅಲ್ಲಿ ಬಿಸಿ ಆಗುತ್ತಿದೆ, ಬಳಸಬೇಡಿ. ಲೋಡ್ ಜಾಸ್ತಿಯಾದರೆ ಮೆಸ್ಕಾಂನಲ್ಲಿ ಅರ್ಜಿ ಕೊಟ್ಟು ಮನೆಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ.

ಗಾಳಿಮಳೆಗೆ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ.