ಅಂಗಡಿಗೆ ಬಟ್ಟೆ ಕೊಡುವ ಮೊದಲು ಸಣ್ಣ ವಿನ್ಯಾಸಕರು ಮಾತಾಡಿಕೊಳ್ಳಬೇಕಾದ ಷರತ್ತುಗಳು

ಮನೆಯ ಒಂದು ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಉಡುಪು ಸಿದ್ಧಪಡಿಸುವವರಿಗೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲೋ ಧಾರವಾಡದ ಸುಭಾಷ ರಸ್ತೆಯಲ್ಲೋ ಒಂದು ಅಂಗಡಿಯವರು "ನಿಮ್ಮ ಮಾಲು ಇಟ್ಟುಕೊಳ್ಳುತ್ತೇವೆ" ಎಂದರೆ ಅದು ದೊಡ್ಡ ಸಂತೋಷದ ದಿನ. ಆ ಸಂತೋಷದಲ್ಲಿಯೇ ನಾವು ಕಮಿಷನ್ ಎಷ್ಟು ಎಂಬುದೊಂದನ್ನು ಕೇಳಿ ಉಳಿದದ್ದನ್ನು ಕೇಳದೆ ಬಂದುಬಿಡುತ್ತೇವೆ. ಹಾಗೆ ಬಂದು ಎರಡು ಸಲ ಕೈ ಸುಟ್ಟುಕೊಂಡ ಮೇಲೆ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಷರತ್ತು ನ್ಯಾಯವಾದದ್ದೇ ಅಲ್ಲವೇ ಎಂದು ನೋಡಲು ನನ್ನ ಬಳಿ ಇರುವ ಅಳತೆ ಒಂದೇ: ಯಾವ ವಿಷಯದಲ್ಲಿ ಯಾರು ನಿರ್ಧಾರ ಮಾಡುತ್ತಾರೋ ಆ ವಿಷಯದ ನಷ್ಟವನ್ನು ಅವರೇ ಹೊರಬೇಕು. ಹೊಲಿಗೆ ಬಿಚ್ಚಿದರೆ, ಬಣ್ಣ ಬಿಟ್ಟರೆ, ಹೇಳಿದ ಸೈಜಿಗೆ ಅಳತೆ ಕೂಡದಿದ್ದರೆ ಅದು ನಮ್ಮ ಹೊಣೆ. ಬಟ್ಟೆಯನ್ನು ಎಲ್ಲಿ ತೂಗುಹಾಕಬೇಕು, ಎಷ್ಟಕ್ಕೆ ಮಾರಬೇಕು, ಕಳುವಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದು ಅಂಗಡಿಯವರ ಕೈಯಲ್ಲಿರುವುದರಿಂದ ಅದರ ಹೊಣೆ ಅವರದು.

ಮೊದಲು ತಿಳಿದುಕೊಳ್ಳಬೇಕಾದದ್ದು, ಅಂಗಡಿಯವರು ಮಾಲನ್ನು ಖರೀದಿ ಮಾಡುತ್ತಿದ್ದಾರೆಯೋ ಅಥವಾ ಮಾರಿಕೊಡಲು ಇಟ್ಟುಕೊಳ್ಳುತ್ತಿದ್ದಾರೆಯೋ ಎಂಬುದು. ರೋಖ ಕೊಟ್ಟು ಖರೀದಿಸುವವರು ಮಾರಾಟ ಬೆಲೆಯ ಅರ್ಧವನ್ನು ತಮಗೆಂದು ಕೇಳಿದರೂ ನಾನು ಅದನ್ನು ಅನ್ಯಾಯ ಎನ್ನುವುದಿಲ್ಲ, ಏಕೆಂದರೆ ಮಾರದೆ ಉಳಿದರೆ ಅವರ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ. "ಇಟ್ಟು ಹೋಗ್ರಿ ಅಕ್ಕಾರ, ಮಾರಿದ ಮ್ಯಾಲೆ ರೊಕ್ಕ ಕೊಡ್ತೀವಿ" ಎನ್ನುವವರೂ ಅಷ್ಟೇ ಪಾಲು ಕೇಳಿದರೆ ಮಾತ್ರ ಒಪ್ಪಬಾರದು. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ನಮ್ಮ ಹಣ, ಅದರಲ್ಲಿಯೂ ಕಸೂತಿ ಹಾಕಿದ ಹೆಣ್ಣುಮಕ್ಕಳಿಗೆ ನಾವು ಈಗಾಗಲೇ ಕೊಟ್ಟುಬಿಟ್ಟಿರುವ ಕೂಲಿ.

ಈ ಕೂಲಿಯ ವಿಷಯವನ್ನು ಅಂಗಡಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಹೆಸರು ಎಲ್ಲರಿಗೂ ಗೊತ್ತು. ಆದರೆ ಗವಂತಿ, ಮುರ್ಗಿ ಎಂಬ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಮುಂದೆ ಹಿಂದೆ ಒಂದೇ ರೀತಿ ಕಾಣುವಂತೆ ಹಾಕಬೇಕೆಂಬುದು ಗಲ್ಲಾದ ಮೇಲೆ ಕುಳಿತವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ನಾನು ಕುರ್ತಾದ ಒಳಮೈಯನ್ನು ತಿರುವಿ ತೋರಿಸಿ ಆಮೇಲೆಯೇ ಬೆಲೆ ಹೇಳುತ್ತೇನೆ.

ಇನ್ನು ಲೆಕ್ಕ. ಒಂದು ಕುರ್ತಾಕ್ಕೆ ಬಟ್ಟೆ 420 ರೂಪಾಯಿ, ಕಸೂತಿಯ ಕೂಲಿ 900, ಹೊಲಿಗೆ 300, ಗುಂಡಿ, ಇಸ್ತ್ರಿ, ಓಡಾಟ ಸೇರಿ 80, ಒಟ್ಟು 1,700 ಎಂದುಕೊಳ್ಳಿ. ಜಿಎಸ್‌ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಮಾರಾಟ ಬೆಲೆ 3,200, ಅಂಗಡಿಯ ಪಾಲು ಶೇ 40 ಎಂದರೆ 1,280. ನಿಮಗೆ ಬರುವುದು 1,920, ಅದರಲ್ಲಿ ಉಳಿಯುವುದು 220. ನಿಮ್ಮ ವಿನ್ಯಾಸದ ಶ್ರಮ, ಕೆಟ್ಟುಹೋದ ಮಾದರಿಗಳು, ಮನೆಯ ಕರೆಂಟ್ ಬಿಲ್ ಎಲ್ಲವೂ ಆ 220ರಲ್ಲಿಯೇ ಆಗಬೇಕು. ಈಗ ಆಷಾಢ ಬಂದಿತು, ಅಂಗಡಿಯವರು ನಿಮ್ಮನ್ನು ಕೇಳದೆ ಶೇ 20ರ ರಿಯಾಯಿತಿಯ ಫಲಕ ಹಾಕಿ ಕುರ್ತಾವನ್ನು 2,560ಕ್ಕೆ ಮಾರಿದರು. ರಿಯಾಯಿತಿಯ 640 ರೂಪಾಯಿಯನ್ನು ಪೂರ್ತಿ ನಿಮ್ಮ ಪಾಲಿನಲ್ಲಿಯೇ ಮುರಿದುಕೊಂಡರೆ ನಿಮ್ಮ ಕೈಗೆ ಬರುವುದು 1,280, ನಷ್ಟ 420. ಕೆಲವರು "ಮಾರಿದ ಬೆಲೆಯ ಮೇಲೆ ಶೇ 40 ಹಿಡಿಯುತ್ತೇವೆ, ಇಬ್ಬರಿಗೂ ಸಮನಾಗಿ ಕಡಿಮೆಯಾಗುತ್ತದೆ" ಎನ್ನುತ್ತಾರೆ. ಮಾತು ಕಿವಿಗೆ ನ್ಯಾಯವೆಂದೇ ಕೇಳಿಸುತ್ತದೆ. ಆದರೆ ಆಗ ನಿಮಗೆ ಬರುವುದು 1,536, ಅಂದರೆ 164 ರೂಪಾಯಿ ನಷ್ಟ; ಅಂಗಡಿಗೆ ಮಾತ್ರ 1,024 ರೂಪಾಯಿ ಬರುತ್ತದೆ. ಕಸೂತಿಯ ಕೂಲಿ ಆಷಾಢದಲ್ಲಿ ಶೇ 20 ಇಳಿಯುವುದಿಲ್ಲ ಎಂಬುದನ್ನು ಆ ಸಮಪಾಲು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆದ್ದರಿಂದ ನಿಮ್ಮ ಬರಹದ ಒಪ್ಪಿಗೆ ಇಲ್ಲದೆ ಕೊಟ್ಟ ರಿಯಾಯಿತಿ ಅಂಗಡಿಯ ಪಾಲಿನಿಂದಲೇ ಹೋಗಬೇಕೆಂದು ಬರೆಸಿಕೊಳ್ಳಿ. ನೀವು ಒಪ್ಪುವುದಾದರೂ ನಿಮ್ಮ ಮಿತಿಯನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಇದೇ ಕುರ್ತಾದಲ್ಲಿ ಶೇ 10ರ ರಿಯಾಯಿತಿಯನ್ನು ಅರ್ಧರ್ಧ ಹಂಚಿಕೊಂಡರೆ ನಿಮಗೆ 60 ರೂಪಾಯಿ ಉಳಿಯುತ್ತದೆ. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಹಾನಿಯ ಬಗ್ಗೆ ನಾನು ಪಾಠ ಕಲಿತದ್ದು ಒಂದು ಕಡುನೀಲಿ ಕುರ್ತಾದಿಂದ. ಎದೆಯ ಮೇಲೆ ಕಸೂತಿಯ ಗೋಪುರ, ತೋಳಿನ ಅಂಚಿಗೆ ತುಳಸಿ ಕಟ್ಟೆ. ಅಂಗಡಿಯವರು ಅದನ್ನು ಮೆಚ್ಚಿ ಮುಂದಿನ ಗಾಜಿನ ಕಪಾಟಿನಲ್ಲಿಯೇ ಹಾಕಿದರು, ನನಗೂ ಹೆಮ್ಮೆಯಾಗಿತ್ತು. ಆ ಅಂಗಡಿಗೆ ಪಡುವಣ ಬಿಸಿಲು ಬೀಳುತ್ತಿತ್ತು. ನಾಲ್ಕು ತಿಂಗಳ ಮೇಲೆ ಮಾರಾಟವಾಗಲಿಲ್ಲವೆಂದು ವಾಪಸು ಕೊಟ್ಟಾಗ ಎಡ ಭುಜ ಬೂದು ಬಣ್ಣಕ್ಕೆ ತಿರುಗಿತ್ತು, ಕೊರಳ ಪಟ್ಟಿಗೆ ತುಟಿರಂಗಿನ ಕಲೆ ಇತ್ತು, ಬೆಲೆಚೀಟಿಯ ಅಂಟು ಒಂದು ಗೋಪುರದ ಕಳಸದ ಮೇಲೆ ಗಟ್ಟಿಯಾಗಿ ಕುಳಿತಿತ್ತು. ಕೇಳಿದಾಗ "ಪ್ರದರ್ಶನಕ್ಕೆ ಇಟ್ಟ ಮಾಲು ಅಂದರ ಹಂಗ ಆಗತದರಿ" ಎಂದರು. ಕಾಗದದ ಮೇಲೆ ಏನೂ ಬರೆದಿರಲಿಲ್ಲವಾದ್ದರಿಂದ ನಾನು ಅದನ್ನು ಮಡಚಿಕೊಂಡು ಬಂದೆ. ಈಗ ನಾನು ಕೊಡುವ ಪ್ರತಿ ಉಡುಪಿನ ಮುಂದೆ ಹಿಂದೆ ಫೋಟೊ ತೆಗೆದು ಅಂಗಡಿಯವರಿಗೆ ಅದೇ ದಿನ ಕಳಿಸುತ್ತೇನೆ. ಕಲೆ, ಬಿಸಿಲು, ಹರಿದದ್ದು, ಕಳವು ಯಾವುದಾದರೂ ಅದನ್ನು ಮಾರಾಟವೆಂದೇ ಎಣಿಸಿ ನನ್ನ ಪಾಲು ಕೊಡಬೇಕೆಂಬ ಒಂದು ಸಾಲನ್ನು, ಮಾಲಿನ ಜೊತೆ ಕೊಡುವ ಚೀಟಿಯಾದ ಚಲನಿನಲ್ಲಿಯೇ ಬರೆಯುತ್ತೇನೆ.

ಆ ಚಲನ್ ಇಲ್ಲದೆ ಒಂದು ದುಪಟ್ಟಾವನ್ನೂ ಕೊಡಬೇಡಿ. ತಾರೀಖು, ಪ್ರತಿ ನಗದ (ಉಡುಪಿನ) ಗುರುತು, ಸೈಜು, ಮಾರಾಟ ಬೆಲೆ, ನಿಮ್ಮ ಪಾಲು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಲೆಕ್ಕ ಕೊಡುವ ದಿನ ಯಾವುದು, ಇಷ್ಟನ್ನು ಎರಡು ಪ್ರತಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ದಿನಗಳ ಮಿತಿಯನ್ನು ಬರೆಯುವುದಕ್ಕೆ ಕಾನೂನಿನ ಆಧಾರವೂ ಇದೆ: 1930ರ ಸರಕುಗಳ ಮಾರಾಟ ಕಾಯ್ದೆಯ 24ನೆಯ ಕಲಮಿನ ಪ್ರಕಾರ, ಬೇಡವಾದರೆ ಹಿಂದಿರುಗಿಸುವ ಷರತ್ತಿನ ಮೇಲೆ ಪಡೆದ ಸರಕನ್ನು ನಿಗದಿತ ಅವಧಿ ಮುಗಿದರೂ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಅದು ಪಡೆದವರದ್ದಾಗುತ್ತದೆ. ಅವಧಿಯನ್ನು ಬರೆಯದಿದ್ದರೆ "ಸಮಂಜಸ ಕಾಲ" ಎಷ್ಟು ಎಂಬುದರ ಮೇಲೆ ವಾದ ಬೆಳೆಯುತ್ತದೆ. ನಾನು ಸಾಮಾನ್ಯವಾಗಿ 60 ದಿನ ಬರೆಯುತ್ತೇನೆ. ಜಿಎಸ್‌ಟಿ ನೋಂದಣಿ ಇರುವವರು, ಹೀಗೆ ಕಳಿಸಿದ ಮಾಲು ಮಾರಾಟವಾಗದೆ ಉಳಿದಿದ್ದರೂ ಕಳಿಸಿದ ದಿನದಿಂದ 6 ತಿಂಗಳ ಒಳಗೆ ಬಿಲ್ ಮಾಡಲೇಬೇಕೆಂಬುದನ್ನು ಮರೆಯಬಾರದು.

ಹಣ ಬರುವ ದಿನದ ವಿಷಯದಲ್ಲಿ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ರಕ್ಷಣೆ ನಮಗಿದೆ. ಆಧಾರ್ ಸಂಖ್ಯೆಯಿಂದ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ವ್ಯಾಪಾರಿಯೆಂದಲ್ಲ, ತಯಾರಕರೆಂದು, ಮಾಲು ಕೊಡುವ ಮೊದಲೇ ಮಾಡಿಸಿಕೊಳ್ಳಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾಲು ಸ್ವೀಕರಿಸಿದ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸೇರುತ್ತದೆ. ಮಾರಿಕೊಡಲು ಇಟ್ಟ ಮಾಲಿನಲ್ಲಿ "ಸ್ವೀಕರಿಸಿದ ದಿನ" ಯಾವುದೆಂಬ ಗೊಂದಲ ಬರುತ್ತದಾದ್ದರಿಂದ, ಗಿರಾಕಿಗೆ ಬಿಲ್ ಮಾಡಿದ ದಿನವೇ ಆ ದಿನ ಎಂದು ಚಲನಿನಲ್ಲಿ ಸ್ಪಷ್ಟಪಡಿಸಿ. ಹಣ ಬಾರದಿದ್ದಾಗ ಇಂಥ ಬಾಕಿಗೆಂದೇ ಸರ್ಕಾರ ನಡೆಸುವ ಜಾಲತಾಣದಲ್ಲಿ ದೂರು ಸಲ್ಲಿಸಬಹುದು; ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದರ ಬಗ್ಗೆ ವಿಚಾರಿಸಿ. ಆದರೆ ದೂರಿಗಿಂತ ಮೊದಲು ಅಂಗಡಿಯವರಿಗೆ ಅವರ ಲೆಕ್ಕಪರಿಶೋಧಕರನ್ನು ನೆನಪಿಸುವುದು ಲೇಸು. 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದು. ನಿಮ್ಮ ಉದ್ಯಮ್ ಸಂಖ್ಯೆ ಬಿಲ್ಲಿನ ಮೇಲೆ ಮುದ್ರಿತವಾಗಿದ್ದರೆ ಮಾರ್ಚ್ ತಿಂಗಳಿನಲ್ಲಿ ಫೋನ್ ಅವರ ಕಡೆಯಿಂದಲೇ ಬರುವ ಸಂಭವವಿದೆ.

ನಕಲಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ತೇರು, ನವಿಲು, ಗೋಪುರ ಯಾರ ಸ್ವಂತದ್ದೂ ಅಲ್ಲ. ನೀವು ಹೊಸದಾಗಿ ಕೂಡಿಸಿದ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ ರಕ್ಷಣೆ ಸಿಗುತ್ತದೆ, ಆದರೆ ಅಂಗಡಿಯಲ್ಲಿ ತೂಗುಹಾಕುವ ಮೊದಲೇ ಅರ್ಜಿ ಸಲ್ಲಿಸಿರಬೇಕು. "ಹುಬ್ಬಳ್ಳಿ-ಧಾರವಾಡದಾಗ ಬೇರೆ ಯಾರಿಗೂ ಕೊಡಬಾರದು" ಎನ್ನುವವರಿಗೆ, ಹಾಗಾದರೆ ತಿಂಗಳಿಗೆ ಇಷ್ಟು ನಗ ರೋಖ ಖರೀದಿ ಮಾಡಿ ಎಂದು ಕೇಳಿ. ಖರೀದಿಯ ಭರವಸೆ ಕೊಡದೆ ಬಾಗಿಲು ಮುಚ್ಚಿಸುವ ಷರತ್ತಿಗೆ ಸಹಿ ಹಾಕಬೇಡಿ.

ಇಷ್ಟೆಲ್ಲ ಕೇಳಿದಾಗ "ನಮ್ಮ ನಿಮ್ಮ ನಡುವ ಕಾಗದ ಯಾತಕ್ರಿ?" ಎಂಬ ಮಾತು ಬಂದೇ ಬರುತ್ತದೆ. ಅದರಲ್ಲಿ ಕೆಟ್ಟ ಉದ್ದೇಶ ಇರುತ್ತದೆಂದು ನಾನು ತಿಳಿಯುವುದಿಲ್ಲ, ನಮ್ಮ ಕಡೆ ಬಟ್ಟೆ ವ್ಯಾಪಾರ ತಲೆತಲಾಂತರದಿಂದ ಬಾಯಿಮಾತಿನ ಮೇಲೆಯೇ ನಡೆದು ಬಂದಿದೆ. "ನಿಮ್ಮ ಮೇಲೆ ನಂಬಿಕೆ ಇದೆಯಣ್ಣ, ನಾನು ಕೂಲಿ ಕೊಡುವ ಹೆಣ್ಣುಮಕ್ಕಳಿಗೆ ಲೆಕ್ಕ ತೋರಿಸಬೇಕು" ಎಂದು ಹೇಳಿ ಎರಡು ಪ್ರತಿಯನ್ನು ಮುಂದಿಡಿ. ಆಗಲೂ ಒಪ್ಪದಿದ್ದರೆ ಆರೇ ನಗ, ಒಂದೇ ತಿಂಗಳಿಗೆಂದು ಕೊಟ್ಟು ನೋಡಿ, ಅದಕ್ಕಾದರೂ ಸಹಿ ಬೇಕೇ ಬೇಕು. ಹದಿನೈದು ದಿನಕ್ಕೊಮ್ಮೆ ಅಂಗಡಿಗೆ ಹೋಗಿ ನಿಮ್ಮ ಉಡುಪುಗಳನ್ನು ಕೈಯಾರೆ ಮುಟ್ಟಿ ಎಣಿಸಿ, ಬಿಸಿಲಿಗೆ ಬಿದ್ದಿದ್ದರೆ ಸರಿಸಲು ಕೇಳಿ, ಮಾರಾಟವಾದುದಕ್ಕೆ ಅಲ್ಲಿಯೇ ಚಲನಿನ ಮೇಲೆ ಗುರುತು ಹಾಕಿಸಿಕೊಳ್ಳಿ.