ದಾರ ಹಿಡಿದು ಅಳೆದ ಟೋಕಿಯೊ–ನ್ಯೂಯಾರ್ಕ್

ಟೋಕಿಯೊದ ಹನೇಡಾದಿಂದ ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಪಯಣ? ಸಿದ್ಧ ಉತ್ತರ ನೋಡದೆ ನಾನೇ ಕಂಡುಕೊಳ್ಳಬೇಕೆಂದು ಕುಳಿತೆ.

ಮೊದಲು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟೆ. ಗೆರೆ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ಸೀಳಿಕೊಂಡು ಹೋಯಿತು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಹಾಳೆಯಲ್ಲಿ ದೂರದ ಊರುಗಳ ನಡುವಿನ ಅಳತೆ ನಂಬುವಂಥದ್ದಲ್ಲ. ಹಾಗಾಗಿ ಮೂವತ್ತು ಸೆಂಟಿಮೀಟರ್ ವ್ಯಾಸದ ಗ್ಲೋಬ್ ತೆಗೆದುಕೊಂಡೆ. ದಾರದ ಒಂದು ತುದಿಯನ್ನು ಟೋಕಿಯೊದ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ನ್ಯೂಯಾರ್ಕಿಗೆ ತಂದು ಎಳೆದೆ. ಸಾಗರದ ಮೇಲೆ ಸಡಿಲವಾಗಿ ಬಿದ್ದಿದ್ದ ದಾರ ಬಿಗಿಯಾಗುತ್ತಿದ್ದಂತೆ ತಾನಾಗಿ ಉತ್ತರಕ್ಕೆ ಜಾರಿ, ಅಲಾಸ್ಕಾದ ಉತ್ತರ ಕರಾವಳಿಯ ಹತ್ತಿರ ನಿಂತಿತು. ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹಾದುಹೋಗುವ ಮಹಾವೃತ್ತ ಎಂದರೇನು ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ಕ್ಷಣದಲ್ಲಿ. ದಾರದ ಉದ್ದ ಇಪ್ಪತ್ತೈದೂವರೆ ಸೆಂಟಿಮೀಟರ್. ಆ ಗ್ಲೋಬಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್. ಅಂದರೆ 10,800ಕ್ಕೆ ಸ್ವಲ್ಪ ಮೇಲೆ.

ಆಮೇಲೆ ಲೆಕ್ಕ. ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ ರೇಖಾಂಶಗಳ ಅಂತರದ ಕೊಸೈನನ್ನೂ ಗುಣಿಸಿ ಬಂದದ್ದನ್ನು ಕೂಡಿಸಬೇಕು. ಅದು ಯಾವ ಕೋನದ ಕೊಸೈನ್ ಎಂದು ಹುಡುಕಿ, ಒಂದು ಡಿಗ್ರಿಗೆ 111.2 ಕಿಲೋಮೀಟರ್ ಹಿಡಿಯಬೇಕು. ಮೊದಲ ಸಲ ಬಂದ ಉತ್ತರ ಕೇವಲ 5,670! ಹನೇಡಾ 139.78 ಪೂರ್ವ, ಜೆಎಫ್‌ಕೆ 73.78 ಪಶ್ಚಿಮ, ಪಶ್ಚಿಮಕ್ಕೆ ಋಣ ಚಿಹ್ನೆ ಹಾಕುವುದನ್ನು ಬಿಟ್ಟು ಒಂದರಿಂದ ಇನ್ನೊಂದನ್ನು ಕಳೆದುಬಿಟ್ಟಿದ್ದೆ. ದಾರ ಅಳೆಯದೇ ಇದ್ದಿದ್ದರೆ ಆ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಸರಿಪಡಿಸಿದಾಗ 97.8 ಡಿಗ್ರಿ, ಸುಮಾರು 10,875 ಕಿಲೋಮೀಟರ್ ಬಂತು.

ದೂರ ಒಂದೇ, ಹೊತ್ತು ಮಾತ್ರ ಎರಡು. ಗಂಟೆಗೆ 900 ಕಿಲೋಮೀಟರಿನಿಂದ ಭಾಗಿಸಿದರೆ ಹನ್ನೆರಡು ಗಂಟೆ. ಏರಲು, ಇಳಿಯಲು ಇನ್ನರ್ಧ ಗಂಟೆ ಸೇರಿಸುತ್ತೇನೆ. ಆದರೆ ಜಪಾನಿನ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನೂ ಮೀರುತ್ತದೆ. 1920ರ ದಶಕದಲ್ಲೇ ವಾಸಬುರೊ ಓಯಿಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಜಗತ್ತು ಓದಲಿ ಎಂದು ಎಲ್ಲ ದೇಶದವರಿಗೂ ಸಮಾನವಾಗಿರಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರೂ ಹೊರಗಿನವರು ಗಮನಿಸಲಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ. ಈ ಗಾಳಿಯ ನೆರವಿಗಾಗಿ ನ್ಯೂಯಾರ್ಕಿಗೆ ಹೊರಟ ವಿಮಾನಗಳು ಅನೇಕ ಸಲ ದಾರ ತೋರಿದ ದಾರಿ ಬಿಟ್ಟು ದಕ್ಷಿಣಕ್ಕೆ, ಸಾಗರದ ಮೇಲೆ ಸಾಗುತ್ತವೆ. ದೂರ ಹೆಚ್ಚಾದರೂ ಹೊತ್ತು ಉಳಿಯುತ್ತದೆ. ಮರಳುವಾಗ ಅದೇ ಗಾಳಿ ಎದುರು ಬರುವುದರಿಂದ ಒಂದು, ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತೇನೆ.

ಕೊನೆಗೆ ಗಡಿಯಾರ. ಎರಡೂ ಕಡೆಯ ಸಮಯವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ತರದೆ ನಾನು ಕಳೆಯುವುದೇ ಇಲ್ಲ. ಬೇಸಿಗೆಯಲ್ಲಿ ಹನೇಡಾದಿಂದ ಬೆಳಿಗ್ಗೆ 11ಕ್ಕೆ ಹೊರಟರೆ ಅದು ಯುಟಿಸಿ 2 ಗಂಟೆ. ಹನ್ನೆರಡು ಗಂಟೆ ಐವತ್ತು ನಿಮಿಷ ಹಾರಿದರೆ ಯುಟಿಸಿ 14.50. ನ್ಯೂಯಾರ್ಕಿನಲ್ಲಿ ಆಗ ಅದೇ ದಿನ ಬೆಳಿಗ್ಗೆ 10.50, ಹೊರಟ ಹೊತ್ತಿಗಿಂತ ಹತ್ತು ನಿಮಿಷ ಮೊದಲು.